ಮಗ್ಗದ ಮನೆಯಲ್ಲಿ ಆರಿಸಿದ ಆಂಪ್

ಕೊರೊನಾ ಕಳೆದು ಮದುವೆಗಳು ಮತ್ತೆ ಮೊದಲಿನಂತೆ ದೊಡ್ಡದಾಗಿ ನಡೆಯತೊಡಗಿದ್ದ ವರ್ಷ ಅದು. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ ನಾನು ಸ್ವಯಂ ನಿವೃತ್ತಿ ಪಡೆದು, ಜಮಖಂಡಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಆಂಪ್ಲಿಫೈಯರ್ ರಿಪೇರಿಯ ಬೆಂಚು ಹಾಕಿಕೊಂಡಿದ್ದೆ. ಭಜನೆಯವರ ಮೈಕ್ ಸೆಟ್ಟು, ನಾಟಕದವರ ಸ್ಪೀಕರು, ರಸಮಂಜರಿ ತಂಡಗಳ ಕೀಬೋರ್ಡು, ಇವೇ ಹೆಚ್ಚು ಬರುತ್ತಿದ್ದವು. ಗಿಟಾರ್ ಆಂಪ್ ಬರುವುದು ಅಪರೂಪ. ಹಳೆಯ ರೇಡಿಯೊಗಳಲ್ಲಿದ್ದಂಥ ವಾಲ್ವ್ ಹಾಕಿದ ಆಂಪ್, ಅಂದರೆ ಈಗಿನವರು ಟ್ಯೂಬ್ ಆಂಪ್ ಎನ್ನುವುದು, ಇನ್ನೂ ಅಪರೂಪ. ಆದರೂ ಅದರ ಮೇಲೆ ನನಗೆ ಪ್ರೀತಿ ಇತ್ತು, ಹಾಗಾಗಿ ಕೊಲ್ಹಾಪುರ, ಪುಣೆ ಕಡೆಯಿಂದ ಹಳೆಯವನ್ನು ತರಿಸಿ ಸರಿಮಾಡಿ ಇಟ್ಟುಕೊಳ್ಳುತ್ತಿದ್ದೆ.

ಶ್ರೀಶೈಲನ ವಿಷಯ ಬರೆಯುವ ಮೊದಲು ಒಂದು ಮಾತು. ನಾನು ದಿನಾ ನಾಲ್ಕು ಸಾಲು ಬರೆಯುವವಳು. ಆದರೆ ಅವನು ಮೊದಲ ಸಲ ಬಂದ ದಿನ ನಾನು ಬರೆದದ್ದು ಒಂದು ಟ್ರಾನ್ಸ್‌ಫಾರ್ಮರ್ ಸುಟ್ಟ ಬಗ್ಗೆ ಮಾತ್ರ. ಹಾಗಾಗಿ ಇಲ್ಲಿನ ಮಾತುಗಳೆಲ್ಲ ನೆನಪಿನಿಂದ ಬಂದವು, ಮತ್ತು ನನ್ನ ನೆನಪು ನನ್ನನ್ನು ಕೊಂಚ ಜಾಣೆಯನ್ನಾಗಿ ತೋರಿಸಲು ನೋಡುತ್ತದೆ ಎಂಬ ಗುಮಾನಿ ನನಗಿದೆ.

ಶ್ರೀಶೈಲ ಬನಹಟ್ಟಿಯ ನೇಕಾರ. ಮನೆಗೆ ಹೊಂದಿಕೊಂಡ ಶೆಡ್ಡಿನಲ್ಲಿ ಆರು ಪವರ್‌ಲೂಮ್, ಸೀರೆ ನೇಯುತ್ತಾನೆ. ಮದುವೆ ಸೀಜನ್ನಿನಲ್ಲಿ ಜಮಖಂಡಿಯ ಇಸ್ಮಾಯಿಲ್ ಭಾಯಿಯ ರಸಮಂಜರಿ ತಂಡದಲ್ಲಿ ಗಿಟಾರ್ ನುಡಿಸುತ್ತಾನೆ. ವಯಸ್ಸು ನಲವತ್ತರ ಆಸುಪಾಸು. ಗಿಟಾರನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಬೈಕಿನ ಹಿಂದೆ ಹೆಂಡತಿ ಕಸ್ತೂರಿಯ ಕೈಗೆ ಕೊಟ್ಟು ತಂದಿದ್ದ.

"ಅಕ್ಕಾರ, ನನ್ನ ಆಂಪಿನಾಗ ಜೀವ ಇಲ್ರಿ," ಎಂದ. "ಸುರ ಕಂಬಳಿ ಹೊತಗೊಂಡು ಮಲಗಿದಂಗ ಬರ್ತೈತಿ. ಟ್ಯೂಬಿಂದು ತಗೋ ಅಂತ ಮಂದಿ ಹೇಳ್ಯಾರ. ನನ್ನ ಕೈಗೆ ಎಟಕೂವಂಥಾದ್ದು ಒಂದು ತೋರಸ್ರಿ."

ಕಸ್ತೂರಿ ಪಕ್ಕದಿಂದ ಸೇರಿಸಿದಳು: "ಇವರದ್ದ ತಂಡಕ್ಕ ಹೋಗೂ ದಾರಿ ಮುಚ್ಚಾಕತ್ತೈತ್ರಿ ಅಕ್ಕಾರ. ಅದನ್ನ ಹೇಳ್ರಿ ಮೊದಲ."

ಅವನು ಹೇಳಿದ. ಬೀಳಗಿಯಲ್ಲಿ ಒಂದು ಮದುವೆಯ ಆರತಕ್ಷತೆಗೆ ಹೋಗಿದ್ದಾಗ ಮುಂದಿನ ಸಾಲಿನಲ್ಲಿ ಕೂತವರು ಗಿಟಾರ್ ಬಂದಾಗಲೆಲ್ಲ ಕಿವಿಗೆ ಕೈ ಇಟ್ಟುಕೊಂಡರಂತೆ. ಸೂಜಿ ಚುಚ್ಚಿದಂತೆ ಆಗುತ್ತದೆ ಎಂದು ಯಾರೋ ಎದ್ದು ಬಂದು ಹೇಳಿದರಂತೆ. ತೇರದಾಳದಲ್ಲಿ ಮುಂದಿನ ಕಾರ್ಯಕ್ರಮ ಇತ್ತು. ಅಷ್ಟರಲ್ಲಿ ಸೌಂಡು ಸರಿಹೋಗದಿದ್ದರೆ ಮುಧೋಳದ ಹುಡುಗನೊಬ್ಬನನ್ನು ಕರೆಸುತ್ತೇನೆಂದು ಇಸ್ಮಾಯಿಲ್ ಭಾಯಿ ಹೇಳಿದ್ದ. ಹದಿನಾರು ವರ್ಷ ಅದೇ ತಂಡದಲ್ಲಿ ನುಡಿಸಿದವನು ಇವನು. ಮಗ್ಗದ ಹೊರಗೆ ಅವನಿಗೆ ಇದ್ದದ್ದು ಅದೊಂದೇ.

ಜೀವ ಇಲ್ಲ ಎನ್ನುವುದಕ್ಕೂ ಸೂಜಿ ಚುಚ್ಚುತ್ತದೆ ಎನ್ನುವುದಕ್ಕೂ ಹೊಂದಿಕೆ ಇರಲಿಲ್ಲ. ಅದು ನನಗೆ ಆಗಲೇ ಹೊಳೆಯಬೇಕಿತ್ತು ಎಂದು ಈಗ ಅನಿಸುತ್ತದೆ. ಆಗ ನಾನು ಯೋಚಿಸಿದ್ದು ಅವನ ಆಂಪಿನ ಬಗ್ಗೆ ಮಾತ್ರ. ಅಗ್ಗದ ಟ್ರಾನ್ಸಿಸ್ಟರ್ ಆಂಪ್‌ಗಳಲ್ಲಿ ಆ ಎರಡು ದೂರೂ ಒಟ್ಟಿಗೆ ಬರುವುದುಂಟು.

ಟ್ಯೂಬ್ ಆಂಪ್ ಕೇಳಿಕೊಂಡು ಬರುವವರಿಗೆ ನಾನು ಮೊದಲು ಕೇಳುವುದು ಹೇಗೆ ನುಡಿಸುತ್ತೀರಿ, ಎಲ್ಲಿ ನುಡಿಸುತ್ತೀರಿ ಎಂದು. ಕಾರಣ ಇದೆ. ಟ್ರಾನ್ಸಿಸ್ಟರ್ ತನ್ನ ಮಿತಿ ಮೀರಿದರೆ ದನಿ ಒಮ್ಮೆಗೇ ಹರಿದುಹೋಗುತ್ತದೆ. ಟ್ಯೂಬ್ ಹಾಗಲ್ಲ, ಮಿತಿಯ ಹತ್ತಿರ ಬರುತ್ತಿದ್ದಂತೆ ನಿಧಾನಕ್ಕೆ ಒರಟಾಗುತ್ತ, ದಪ್ಪವಾಗುತ್ತ ಹೋಗುತ್ತದೆ. ಆ ಒರಟುತನ ಬೇಕೆನ್ನುವವರಿಗೆ ಐದು ವ್ಯಾಟಿನದು ಸಾಕು, ಅದರ ದನಿ ಬೇಗ ಒಡೆಯುತ್ತದೆ. ತಿಳಿಯಾದ ದನಿ ಬೇಕೆನ್ನುವವರಿಗೆ ಒಡೆಯುವ ಮುಂಚೆ ಜಾಸ್ತಿ ಜಾಗ ಬೇಕು. ಅದಕ್ಕೆ ಹೆಡ್‌ರೂಮ್ ಎನ್ನುತ್ತಾರೆ. ಜನ ತಪ್ಪು ತಿಳಿಯುವುದು ಇಲ್ಲಿ. ಹದಿನೈದು ವ್ಯಾಟಿಗಿಂತ ಮೂವತ್ತು ವ್ಯಾಟ್ ಎರಡು ಪಟ್ಟು ಜೋರಲ್ಲ, ಸ್ವಲ್ಪವೇ ಜೋರು. ಕಿವಿಗೆ ಎರಡು ಪಟ್ಟು ಎನಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟಾಗಬೇಕು. ಕಲ್ಯಾಣ ಮಂಟಪದಲ್ಲಿ ಆಂಪಿನ ಮುಂದೆ ಹೇಗೂ ಮೈಕ್ ಇಡುತ್ತಾರೆ. ಆದ್ದರಿಂದ ಹೆಚ್ಚು ವ್ಯಾಟಿಗೆ ಹಣ ಸುರಿಯಬೇಡಿ, ನಿಮ್ಮ ಕೈಗೆ ಒಪ್ಪುವುದನ್ನು ತೆಗೆದುಕೊಳ್ಳಿ ಎಂದೇ ನಾನು ಹೇಳುವುದು.

ಶ್ರೀಶೈಲ ನುಡಿಸುವುದು ಹಾಡಿನ ನಡುವಿನ ಬಿಟ್‌ಗಳನ್ನು. ಕೈ ಮೆದು. ತಂತಿಯನ್ನು ಎಳೆದು ಮೀಂಡ್ ತೆಗೆಯುತ್ತಾನೆ. ತಿಳಿಯಾದ ದನಿಯೇ ಅವನಿಗೆ ಬೇಕು. ನನ್ನಲ್ಲಿ ಆಗ ಮೂರು ಇದ್ದವು: ನಾನೇ ಕಟ್ಟಿದ ಐದು ವ್ಯಾಟಿನದು, ಕೊಲ್ಹಾಪುರದಿಂದ ಬಂದ ಹದಿನೈದು ವ್ಯಾಟಿನದು, ಎತ್ತಲು ಇಬ್ಬರು ಬೇಕಾದ ಮೂವತ್ತು ವ್ಯಾಟಿನದು. ಮೂರಕ್ಕೂ ಹಚ್ಚಿ ನೋಡಿದ. ಮೂರರಲ್ಲೂ ಟ್ರೆಬಲ್ ನಾಬನ್ನು, ಅಂದರೆ ದನಿಯ ಚುರುಕನ್ನು ಏರಿಸುವ ಗುಂಡಿಯನ್ನು, ಪೂರ್ತಿ ತಿರುವಿದ. ಕೊನೆಗೆ ಮೂವತ್ತು ವ್ಯಾಟಿನದರ ಮುಂದೆ ಕೂತು, "ಇದರಾಗ ಒಂಚೂರು ಬೆಳಕ ಐತ್ರಿ," ಎಂದ.

ನನ್ನ ಕಿವಿ ಗುಂಯ್ ಎನ್ನುತ್ತಿತ್ತು. "ಇದು ನಿನಗ ದೊಡ್ಡದಾತು," ಎಂದೆ.

"ನಮ್ಮ ಶೆಡ್ಡಿನಾಗ ಹಚ್ಚಿ ನೋಡ್ತೇನ್ರಿ. ಮಗ್ಗ ನಡದಾಗ ಕೇಳಸಿತಂದ್ರ ಎಲ್ಲಾ ಕಡೆ ಕೇಳಸ್ತೈತಿ. ನಮ್ಮ ಕಡೆ ರೇಡಿಯೊ ತರೂದಿದ್ರೂ ಹಿಂಗ ನೋಡೂದು."

ಹೊಸ ಟೇಪ್‌ರೆಕಾರ್ಡರ್ ಬಂದಾಗ, ಟಿವಿ ಬಂದಾಗ, ಮೊಬೈಲು ಬಂದಾಗ ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಹೀಗೇ ಪರೀಕ್ಷೆ ಮಾಡುತ್ತಾರೆಂದು ಕಸ್ತೂರಿಯೂ ಹೇಳಿದಳು. ಮಗ್ಗದ ಸದ್ದು ದಾಟಿ ಬಂದದ್ದು ಗಟ್ಟಿ ಮಾಲು. ನನಗೆ ನಗು ಬಂತು. ಎರಡು ದಿನ ಬಿಟ್ಟು ಮೂವತ್ತು ವ್ಯಾಟಿನದನ್ನೂ ಹದಿನೈದು ವ್ಯಾಟಿನದನ್ನೂ ಟಂಟಂ ಗಾಡಿಯಲ್ಲಿ ಹಾಕಿಸಿಕೊಂಡು ನಾನೇ ಬನಹಟ್ಟಿಗೆ ಹೋದೆ.

ಮಗ್ಗದ ಶೆಡ್ಡಿನೊಳಗೆ ಹೋಗದವರಿಗೆ ಆ ಸದ್ದನ್ನು ಹೇಳಿ ತಿಳಿಸುವುದು ಕಷ್ಟ. ಆರು ಲಾಳಿಗಳು ಒಂದೇ ಸಮನೆ ಎರಡು ಬದಿಗೂ ಬಡಿಯುತ್ತವೆ, ನೆಲ ಅಂಗಾಲಿಗೆ ನಡುಗುತ್ತದೆ. ಅಲ್ಲಿ ಯಾರೂ ಕೂಗಿ ಮಾತಾಡುವುದಿಲ್ಲ. ತುಟಿ ನೋಡಿ ತಿಳಿದುಕೊಳ್ಳುತ್ತಾರೆ, ಇಲ್ಲವಾದರೆ ಕೈಸನ್ನೆ. ಕಸ್ತೂರಿ ಮೂಲೆಯಲ್ಲಿ ಕಂಡಿಕಿ ಸುತ್ತುತ್ತ, ಅಂದರೆ ಲಾಳಿಯೊಳಗೆ ಇಡುವ ಸಣ್ಣ ಕಡ್ಡಿಗೆ ನೂಲು ತುಂಬುತ್ತ, ನನಗೆ ಚಹಾ ಬೇಕೇ ಎಂದು ಕೇಳಿದ್ದು ಬರಿ ತುಟಿಯಲ್ಲಿ. ನಾನು ಮೂರು ಸಲ "ಏನು" ಎಂದೆ. ಶ್ರೀಶೈಲ ಶೆಡ್ಡಿನ ಆ ತುದಿಯಿಂದಲೇ ಓದಿಕೊಂಡು ನನ್ನ ಪರವಾಗಿ ತಲೆಯಾಡಿಸಿದ.

ದೊಡ್ಡ ಆಂಪಿನ ತಂತಿಯನ್ನು ಮನೆಯ ಪ್ಲಗ್ಗಿಗೆ ಚುಚ್ಚಿದೆವು. ಮಗ್ಗಗಳಿಗೆ ತ್ರೀ ಫೇಸ್ ಲೈನು, ಮನೆಗೆ ಅದರ ಒಂದೇ ಫೇಸು. ಶ್ರೀಶೈಲ ಟ್ರೆಬಲ್ ಪೂರ್ತಿ ಏರಿಸಿ, ವಾಲ್ಯೂಮ್ ಮುಕ್ಕಾಲಿಗೆ ತಂದು ನುಡಿಸತೊಡಗಿದ. ಮಗ್ಗದ ಸದ್ದಿನ ಮೇಲೆ ಅದು ಎಲ್ಲೋ ದೂರದಿಂದ ಬಂದಂತೆ ಕೇಳುತ್ತಿತ್ತು. ಅವನ ಮುಖದಲ್ಲಿ ನಾನು ಅವನನ್ನು ಕಂಡಾಗಿನಿಂದ ನೋಡದ ಒಂದು ಸಮಾಧಾನ ಇತ್ತು.

ಆಗ ಒಂದು ಫೇಸ್ ಹೋಯಿತು. ನಮ್ಮ ಕಡೆ ಇದು ಹೊಸದಲ್ಲ. ಒಂದು ಫೇಸ್ ಹೋದರೆ ಮೋಟಾರು ಸುಡಬಾರದೆಂದು ಹಾಕಿರುವ ಪ್ರಿವೆಂಟರ್ ಆರೂ ಮಗ್ಗಗಳನ್ನು ನಿಲ್ಲಿಸುತ್ತದೆ. ಮನೆಯ ಲೈನು ಬೇರೆ ಫೇಸಿನಲ್ಲಿದ್ದರೆ ಮನೆಯಲ್ಲಿ ಕರೆಂಟು ಹಾಗೇ ಇರುತ್ತದೆ. ಮಗ್ಗಗಳು ನಿಂತವು. ಆಂಪ್ ನಿಲ್ಲಲಿಲ್ಲ.

ಆ ಸದ್ದನ್ನು ನಾನು ಕೈಯಿಂದ ತಡೆದೆ ಎಂದು ನೆನಪು, ಎರಡೂ ಕಿವಿ ಮುಚ್ಚಿಕೊಂಡು. ಕಸ್ತೂರಿಯ ಕೈಯಿಂದ ಕಂಡಿಕಿ ಬಿತ್ತು. ಪಕ್ಕದ ಮನೆಯ ಮುದುಕಿಯೊಬ್ಬಳು ಬಾಗಿಲಿಗೆ ಬಂದು, "ಯಾರ ಕುತ್ತಿಗಿ ಕೊಯ್ಯಾಕತ್ತೀರೋ," ಎಂದಳು. ಶ್ರೀಶೈಲ ಕಣ್ಣು ಮುಚ್ಚಿ ನುಡಿಸುತ್ತಲೇ ಇದ್ದ. ಕಣ್ಣು ತೆರೆದಾಗ ನಮ್ಮನ್ನು ನೋಡಿ, ಕೈ ನಿಲ್ಲಿಸಿ, "ಯಾಕ? ಈಗ ಛಲೋ ಬರಾಕತ್ತಿತ್ತಲ್ಲ," ಎಂದ.

ಮುದುಕಿ ಗೊಣಗುತ್ತ ಹೋದಳು.

ನನಗೆ ಆಗಲೇ ಗೊತ್ತಾಯಿತು ಎಂದು ಬರೆಯಲು ಮನಸ್ಸಾಗುತ್ತದೆ. ಪೂರ್ತಿ ಗೊತ್ತಾಗಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕೆಂದು ಮಾತ್ರ ಅನಿಸಿತು. ಹೊರಡುವಾಗ ಕಸ್ತೂರಿ ಟಂಟಂ ತನಕ ಬಂದಳು.

"ಹಿಂದಿಂದ ಕರದ್ರ ಇವರಿಗಿ ಕೇಳಸೂದಿಲ್ರಿ," ಎಂದಳು. "ಎರಡ ವರ್ಷ ಆತು. ಕೇಳಿದ್ರ, ಮಗ್ಗದಾಗ ಯಾರಿಗಿ ಕೇಳಸ್ತೈತಿ ಅಂತ ನಗತಾರ. ಮುಂದ ನಿಂತು ಮಾತಾಡಿದ್ರ ಎಲ್ಲಾ ತಿಳೀತೈತಿ. ಅದಕ್ಕ ನಾನೂ ಸುಮ್ಮಾದೆ."

ಮಾರನೆಯ ದಿನ ಇಬ್ಬರೂ ನನ್ನ ಬೆಂಚಿಗೆ ಬಂದರು. ನನ್ನಲ್ಲಿ ಸಿಗ್ನಲ್ ಜನರೇಟರ್ ಇದೆ. ಒಂದೇ ಸ್ವರವನ್ನು ಬೇಕಾದ ಎತ್ತರಕ್ಕೆ ಹೊರಡಿಸುವ ಪೆಟ್ಟಿಗೆ ಅದು. ಆಂಪ್ ಪರೀಕ್ಷಿಸಲು ಬಳಸುತ್ತೇವೆ. ಸ್ವರದ ಎತ್ತರವನ್ನು ಹರ್ಟ್ಜ್‌ನಲ್ಲಿ ಅಳೆಯುತ್ತಾರೆ. ಗಿಟಾರಿನ ತೀರ ಮೇಲಿನ ಸ್ವರ ಸಾವಿರ ಹರ್ಟ್ಜ್ ಸುತ್ತಮುತ್ತ. ಅದಕ್ಕಿಂತ ಮೇಲೆ, ಎರಡರಿಂದ ಐದು ಸಾವಿರದವರೆಗೆ ಇರುವುದು ಸ್ವರವಲ್ಲ, ಸ್ವರದ ಮೊನೆ. ತಂತಿಗೆ ಮೀಟುವ ಪ್ಲಾಸ್ಟಿಕ್ ಕಡ್ಡಿ ತಾಗಿದ್ದು, ದನಿ ಹೊಳೆಯುವುದು, ಚುಚ್ಚುವುದು ಎಲ್ಲ ಅಲ್ಲಿ. ಮಗ್ಗದಂಥ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದ ಕಿವಿ ಮೊದಲು ಸೋಲುವುದೂ ಅಲ್ಲೇ, ನಾಲ್ಕು ಸಾವಿರದ ಹತ್ತಿರ. ಇದನ್ನು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಎದುರಿಗೆ ಕೂತ ಮನುಷ್ಯನ ಮೇಲೆ ಅದನ್ನು ನೋಡಿರಲಿಲ್ಲ.

ನಾನು ವೈದ್ಯೆ ಅಲ್ಲ. ಸ್ಪೀಕರ್ ನೋಡಬೇಕು ಎಂದು ನೆಪ ಹೇಳಿ ಪರೀಕ್ಷೆ ಮಾಡಿಬಿಡಬಹುದಿತ್ತು. ರಾತ್ರಿಯಿಡೀ ಅದನ್ನೇ ಯೋಚಿಸಿದ್ದೆ. ಆದರೆ ಕೂತ ಮೇಲೆ ನೆಪ ಬಾಯಿಗೆ ಬರಲಿಲ್ಲ. "ಶ್ರೀಶೈಲ, ಆಂಪ್ ಆರಿಸೂ ಮೊದಲ ನಿನ್ನ ಕಿವಿ ನೋಡೂಣು. ಕೇಳೂತನಕ ಬೆರಳ ಎತ್ತು, ನಿಂತಕೂಡ್ಲೆ ಇಳಸು," ಎಂದೆ.

ಅವನು ನಕ್ಕ. "ಸಾಲ್ಯಾಗೂ ಹಿಂಗ ಬೆರಳ ಎತ್ತಿರಲಿಲ್ರಿ ನಾ."

ಐನೂರಕ್ಕೆ ಬೆರಳು ಎತ್ತಿದ. ಸಾವಿರ, ಎರಡು ಸಾವಿರ. ಮೂರು ಸಾವಿರ ದಾಟುವಾಗ ಬೆರಳು ಅರ್ಧಕ್ಕೆ ಬಂದು ಅಲ್ಲೇ ಯೋಚಿಸಿತು. ನಾಲ್ಕು ಸಾವಿರಕ್ಕೆ ತಂದೆ. ಬೆರಳು ಇಳಿಯಿತು. ನಾನು ದನಿಯನ್ನು ಸ್ವಲ್ಪ ಏರಿಸಿದೆ, ಮತ್ತೆ ಸ್ವಲ್ಪ.

"ಬಂದ್ ಮಾಡಿದ್ರೇನ್ರಿ?" ಎಂದ.

ಕಸ್ತೂರಿ ಬಾಗಿಲ ಬಳಿ ನಿಂತಿದ್ದಳು. ಮುಖ ಕಿವುಚಿಕೊಂಡು ಸೆರಗಿನಿಂದ ಒಂದು ಕಿವಿ ಒತ್ತಿಕೊಂಡಿದ್ದಳು. ಶ್ರೀಶೈಲ ನನ್ನ ಉತ್ತರಕ್ಕೆ ಕಾಯುತ್ತ ಆ ಕಡೆ ನೋಡಿದ. ಮುಖ ಓದುವುದು ಅವನಿಗೆ ದಿನದ ಕೆಲಸ. ಅವಳನ್ನು ಎಷ್ಟು ಹೊತ್ತು ನೋಡಿದನೋ ತಿಳಿಯದು. ನನಗೆ ಬಹಳ ಹೊತ್ತೆನಿಸಿತು, ಬಹುಶಃ ಒಂದು ಉಸಿರಿನಷ್ಟೇ ಇದ್ದೀತು.

"ಇನ್ನೂ ನಡದೈತೇನ?" ಎಂದು ಅವಳನ್ನು ಕೇಳಿದ.

"ಹ್ಞೂಂ," ಎಂದಳು ಅವಳು.

ನಾನು ಸ್ವಿಚ್ ಆರಿಸಿದೆ. ಅವನು ಬೀಳಗಿಯ ಬಗ್ಗೆ ಕೇಳಿದ, ಅಲ್ಲಿ ಎಷ್ಟು ಕೆಟ್ಟದಾಗಿ ಕೇಳಿರಬಹುದು ಎಂದು. ನನಗೆ ಗೊತ್ತಿಲ್ಲ ಎಂದೆ. ಅದು ನಿಜವಾಗಿತ್ತು, ಆದರೆ ಊಹಿಸಲಾರದ್ದೇನೂ ಆಗಿರಲಿಲ್ಲ.

ವಿಜಯಪುರದ ಕಿವಿ ಡಾಕ್ಟರು ಯಂತ್ರ ಹಚ್ಚಿ ನೋಡಿ, ಮಗ್ಗದ ಸದ್ದಿಗೆ ಕಿವಿ ಸೋತಿದೆ ಎಂದೇ ಹೇಳಿದರು. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಿ. ಕಿವಿಗೆ ಬಿರಡೆ ಕೊಟ್ಟರು. ಅದನ್ನು ಹಾಕಿಕೊಂಡು ಮಗ್ಗಕ್ಕೆ ನಿಂತ ಮೊದಲ ದಿನವೇ ಎರಡು ಸೀರೆ ಕೆಟ್ಟವು. ನೂಲು ಹರಿದದ್ದನ್ನು, ಲಾಳಿ ಅಡ್ಡ ಬಿದ್ದದ್ದನ್ನು ಅವನು ಕಣ್ಣಿಗಿಂತ ಮೊದಲು ಸದ್ದಿನಿಂದ ತಿಳಿಯುತ್ತಿದ್ದ. "ಬಿರಡಿ ಹಾಕಿದ್ರ ಮಗ್ಗ ಹೋಗ್ತೈತಿ, ತಗದ್ರ ಕಿವಿ ಹೋಗ್ತೈತಿ," ಎಂದು ಫೋನಿನಲ್ಲಿ ಹೇಳಿದ. ಕಸ್ತೂರಿ ಹಟ ಹಿಡಿದು ಹಾಕಿಸುತ್ತಿದ್ದಳು, ನಾಲ್ಕು ಮಗ್ಗವನ್ನಷ್ಟೇ ನಡೆಸುವಂತೆ ಮಾಡಿದ್ದಳು.

ತೇರದಾಳದ ಕಾರ್ಯಕ್ರಮ ಹತ್ತಿರವಾಗುತ್ತಿತ್ತು. ಆಂಪ್ ಆರಿಸುವ ಕೆಲಸವನ್ನು ಮೊದಲಿನಿಂದ ಶುರುಮಾಡಿದೆವು. ನನ್ನ ಎಣಿಕೆ ಐದು ವ್ಯಾಟಿನದು ಎಂದಿತ್ತು. ಸಣ್ಣದು, ಹಗುರ, ಎಲ್ಲಕ್ಕಿಂತ ಅಗ್ಗ, ಅವನ ಮೆದು ಕೈಗೆ ಒಡೆಯಲಿಕ್ಕಿಲ್ಲ ಎಂದುಕೊಂಡಿದ್ದೆ. ಈ ಸಲ ನಾಬ್ ತಿರುಗಿಸಿದವಳು ಕಸ್ತೂರಿ. ಅವನು ನುಡಿಸಿದ, ಅವಳು ತನ್ನ ಕಿವಿಗೆ ಹಿತವಾಗುವಲ್ಲಿ ನಿಲ್ಲಿಸಿದಳು. ಆ ದನಿ ಅವನಿಗೆ ಗೋಡೆಯ ಆಚೆಯಿಂದ ಬಂದಂತೆ ಕೇಳಿರಬೇಕು. ಅವನ ಕೈ ಆ ಮೊನೆಯನ್ನು ಹುಡುಕಿಕೊಂಡು ಹೊರಟಿತು. ತನಗೇ ತಿಳಿಯದೆ ತಂತಿಯನ್ನು ಜೋರಾಗಿ ಹೊಡೆಯತೊಡಗಿದ. ಐದು ವ್ಯಾಟಿನ ಆಂಪಿನ ದನಿ ಒಡೆದುಹೋಯಿತು. ಮೀಂಡ್ ತೆಗೆದಲ್ಲೆಲ್ಲ ಗೊರಗೊರ ಎಂದಿತು.

"ಮೆಲ್ಲಕ," ಎಂದಳು ಕಸ್ತೂರಿ.

"ನಾ ಮೆಲ್ಲಕ ಬಾರಸಾಕತ್ತೇನಿ."

"ಇಲ್ರಿ. ಹಗ್ಗ ಹಿಡದು ಎಮ್ಮಿ ಜಗ್ಗಿದಂಗ ಬಾರಸಾಕತ್ತೀರಿ."

ಮೆದು ಕೈಯವನೆಂದು ನಾನು ತಿಳಿದಿದ್ದೆ. ಹಿಂದೆ ಅವನ ಕೈ ಮೆದುವೇ ಇದ್ದಿರಬೇಕು. ನನ್ನ ಅಂಗಡಿಗೆ ಬಂದ ಮೊದಲ ದಿನ ಟ್ರೆಬಲ್ ಪೂರ್ತಿ ಇದ್ದದ್ದರಿಂದ ಕೈ ಹಗುರವಾಗಿತ್ತು. ಆ ಕೈ ಈಗ ಕಿವಿಯ ಕೊರತೆಯನ್ನು ತುಂಬಲು ಹೊಡೆಯುತ್ತಿತ್ತು. ಅಂಥ ಕೈಗೆ ಬೇಗ ಒಡೆಯುವ ಆಂಪ್ ಕೊಡಬಾರದು. ಹದಿನೈದು ವ್ಯಾಟಿನದರಲ್ಲಿ ಜಾಗ ಇತ್ತು. ಜೋರಾಗಿ ಹೊಡೆದರೂ ದನಿ ತಿಳಿಯಾಗಿಯೇ ಉಳಿಯಿತು. ಅದನ್ನು ಒಪ್ಪಿದೆವು. ಪ್ಲಾಸ್ಟಿಕ್ ಕಡ್ಡಿ ಬಿಟ್ಟು ಬೆರಳಿನ ಮೆತ್ತನೆ ಭಾಗದಿಂದ ನುಡಿಸು ಎಂದು ಹೇಳಿದೆ. ಕಸ್ತೂರಿ ನಿಲ್ಲಿಸಿದ ಜಾಗವನ್ನು ಅಳೆದು, ಟ್ರೆಬಲ್ ನಾಬನ್ನೇ ಬಿಚ್ಚಿ ತೆಗೆದು, ಅದರ ಬದಲು ಅಷ್ಟೇ ಅಳತೆಯ ರೆಸಿಸ್ಟರ್‌ಗಳನ್ನು ಬೆಸುಗೆ ಹಾಕಿದೆ. ಇನ್ನು ಅದನ್ನು ತಿರುಗಿಸಲು ಬರುವುದಿಲ್ಲ. ಬೆಸುಗೆ ಹಾಕುವಾಗ ಅವನು ಪಕ್ಕದಲ್ಲೇ ನಿಂತಿದ್ದ. ಬೇಡ ಎಂದರೆ ನಿಲ್ಲಿಸುತ್ತಿದ್ದೆ.

ಆ ವಾರ ಇಸ್ಮಾಯಿಲ್ ಭಾಯಿ ಫೋನ್ ಮಾಡಿದ. "ಅಕ್ಕಾರ, ತ್ರಾಸ ಆಂಪಿಂದೋ ನಮ್ಮ ಹುಡುಗಂದೋ? ಖರೆ ಹೇಳಿಬಿಡ್ರಿ."

"ಅವನನ್ನ ಕೇಳ್ರಿ," ಎಂದೆ. ಅದು ಸರಿಯಾದ ಉತ್ತರವೋ, ಕೈತೊಳೆದುಕೊಂಡ ಉತ್ತರವೋ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಅವನ ಕಿವಿಯ ಸುದ್ದಿ ನನ್ನದಲ್ಲ. ಹಾಗೆಂದು ಇಸ್ಮಾಯಿಲ್ ಭಾಯಿ ಏನೂ ತಿಳಿಯದೆ ವೇದಿಕೆ ಹತ್ತುವುದೂ ನ್ಯಾಯವಲ್ಲ.

ತಾಲೀಮಿನ ದಿನ ಆಂಪ್ ಹೊಂದಿಸಿಕೊಡಲು ನಾನೂ ಹೋಗಿದ್ದೆ. ಶ್ರೀಶೈಲ ಎರಡು ಹಾಡು ನುಡಿಸಿದ. ಇಸ್ಮಾಯಿಲ್ ಭಾಯಿ ಕೀಬೋರ್ಡಿನಿಂದ ತಲೆ ಎತ್ತಿ, "ಈಗ ನೋಡ ಲೇ, ಬೆಣ್ಣಿ ಆತು. ಏನ್ ಮಾಡಿದಿ?" ಎಂದ. ಅಲ್ಲಿಗೇ ಬಿಡಬಹುದಿತ್ತು. ಶ್ರೀಶೈಲ ಬಿಡಲಿಲ್ಲ.

"ಇಸ್ಮಾಯಿಲಣ್ಣ, ನನಗ ಮ್ಯಾಲಿಂದು ಕೇಳಸೂದಿಲ್ಲ. ಸುರ ಕೇಳಸ್ತೈತಿ, ಅದರ ಹೊಳಪ ಕೇಳಸೂದಿಲ್ಲ. ಇದು ಕಸ್ತೂರಿ ಕಿವಿಲೆ ಹೊಂದಿಸಿದ್ದು. ಡಾಕ್ಟರ್ ಹೇಳ್ಯಾರ, ಇದು ಹೊಳ್ಳಿ ಬರೂದಿಲ್ಲಂತ."

ಇಸ್ಮಾಯಿಲ್ ಭಾಯಿ ಕೀಬೋರ್ಡಿನ ಸ್ವಿಚ್ ಆರಿಸಿದ. ತಬಲದವನು ಹೊರಗೆ ಹೋದ.

"ಯಾವಾಗಿಂದ?"

"ಗೊತ್ತಿಲ್ಲ. ಗೊತ್ತಾಗಿದ್ದು ಈಗ."

"ಜೋರ ಬಾರಿಸಿದ್ರ ನಿನಗ ಹೆಂಗ ತಿಳಿಬೇಕು?"

"ನೀ ಕೈ ಮಾಡು. ನಾ ನಿನ್ನ ಕಡೆ ಮುಖ ಮಾಡಿ ಕುಂದರ್ತೇನಿ."

ಇಸ್ಮಾಯಿಲ್ ಭಾಯಿ ಕೆಟ್ಟವನಲ್ಲ, ತಂಡ ನಡೆಸುವವನು. ಅವನು ಹೇಳಿದ: "ಹದಿನಾರ ವರ್ಷ ನನ್ನ ಬಲಕ್ಕ ಕುಂತಿ. ಇನ್ನ ಎದರಿಗಿ ಕುಂದರು. ಕಾರ್ಡ್ ಬಾರಸು, ದಪ್ಪ ತಂತಿ ಬಾರಸು. ನಡಕಿನ ಬಿಟ್ ಮಾತ್ರ ನಾ ಕೀಬೋರ್ಡಿನ್ಯಾಗ ತಗೋತೇನಿ, ತಮ್ಮಾ. ಅದರಾಗ ಅಪಾಯ ಒಲ್ಲೆ."

ಆ ಬಿಟ್‌ಗಳಿಗಾಗಿಯೇ ಅವನು ಗಿಟಾರ್ ಹಿಡಿದದ್ದು. ಶ್ರೀಶೈಲ "ಆತು," ಎಂದ. ಆಂಪಿನ ತಂತಿ ಸುತ್ತುವಾಗ ಅವನ ಕೈ ನಿಧಾನವಾಗಿತ್ತು ಎಂಬುದು ನನ್ನ ಕಲ್ಪನೆಯೂ ಇರಬಹುದು.

ತೇರದಾಳದಲ್ಲಿ ನಾನು ಕಸ್ತೂರಿಯ ಜೊತೆ ಐದನೆಯ ಸಾಲಿನಲ್ಲಿ ಕೂತಿದ್ದೆ. ಅವನು ಜನರಿಗೆ ಅರ್ಧ ಬೆನ್ನು ಮಾಡಿ, ಇಸ್ಮಾಯಿಲ್ ಭಾಯಿಯ ಮುಖ ನೋಡುತ್ತ ನುಡಿಸಿದ. ಯಾರೂ ಕಿವಿಗೆ ಕೈ ಇಟ್ಟುಕೊಳ್ಳಲಿಲ್ಲ. ಗಿಟಾರ್ ಇದೆ ಎಂಬುದನ್ನೇ ಬಹಳ ಜನ ಗಮನಿಸಿರಲಿಕ್ಕಿಲ್ಲ. ಮುಗಿದ ಮೇಲೆ ಆಂಪನ್ನು ಗಾಡಿಗೆ ಏರಿಸುತ್ತ ನನ್ನ ಎದುರಿಗೆ ಬಂದು ನಿಂತ.

"ಹೆಂಗಿತ್ರಿ ಅಕ್ಕಾರ? ನನಗ ತಿಳ್ಯೂದಿಲ್ಲ, ನೀವ ಹೇಳಬೇಕು."

ಛಲೋ ಇತ್ತು ಎಂದು ಹೇಳಿ ಮನೆಗೆ ಹೋಗಬಹುದಿತ್ತು. ಎರಡನೆಯ ಹಾಡಿನಲ್ಲಿ ಅವನು ಮತ್ತೆ ಹೊಡೆದಿದ್ದ. ಇಸ್ಮಾಯಿಲ್ ಭಾಯಿ ಕೈ ಮಾಡಿದ್ದು ತಡವಾಗಿತ್ತು.

"ಎರಡನೇ ಹಾಡಿನಾಗ ಜೋರಾತು. ಉಳಕಿದ್ದು ಛಲೋ ಇತ್ತು," ಎಂದೆ.

ನನ್ನ ತುಟಿಯನ್ನೇ ನೋಡುತ್ತಿದ್ದವನು ತಲೆಯಾಡಿಸಿದ. "ಎರಡನೇದು," ಎಂದ ತನಗೇ ಹೇಳಿಕೊಂಡಂತೆ. ಕಸ್ತೂರಿಯ ಕಡೆ ತಿರುಗಿ, "ನೀ ಯಾಕ ಹೇಳಲಿಲ್ಲ?" ಎಂದ.

"ಹೇಳಿದ್ರ ನಿಮಗ ಬ್ಯಾಸರ ಆಗ್ತೈತಂತ."

"ಆಗ್ಲಿ. ಹೇಳು."

ಆಂಪ್ ಕೇಳಿಕೊಂಡು ಬರುವವರಿಗೆ ಈಗಲೂ ನಾನು ವ್ಯಾಟು, ಸ್ಪೀಕರು, ಹೆಡ್‌ರೂಮ್ ಎಲ್ಲವನ್ನೂ ವಿವರಿಸುತ್ತೇನೆ. ಆದರೆ ಅದಕ್ಕೂ ಮೊದಲು ಅವರು ಹಗಲು ಎಲ್ಲಿ ದುಡಿಯುತ್ತಾರೆಂದು ಕೇಳುತ್ತೇನೆ, ಮತ್ತು ಅವರ ದನಿಯನ್ನು ದಿನಾ ಕೇಳುವ ಇನ್ನೊಬ್ಬರನ್ನು ಜೊತೆಗೆ ಕರೆತರಲು ಹೇಳುತ್ತೇನೆ. ನುಡಿಸುವವನಿಗೆ ಒಪ್ಪುವ ಆಂಪನ್ನು ಆರಿಸುವುದು ನನಗೆ ಗೊತ್ತಿತ್ತು. ಅವನಿಗೆ ಏನು ಕೇಳುತ್ತಿಲ್ಲ ಎಂಬುದನ್ನು ಅವನ ಎದುರಿಗೆ ನಿಂತು ಅವನಿಗೇ ಹೇಳಬೇಕಾಗುತ್ತದೆ, ಅದೂ ಈ ಕೆಲಸದ ಭಾಗ ಎಂಬುದನ್ನು ಕಲಿಯಲು ನನಗೆ ಬನಹಟ್ಟಿಗೆ ಹೋಗಬೇಕಾಯಿತು. ಶ್ರೀಶೈಲ ಇನ್ನೂ ತಂಡದಲ್ಲಿದ್ದಾನೆ. ಪ್ರತಿ ಕಾರ್ಯಕ್ರಮ ಮುಗಿದ ಮೇಲೆ ಕಸ್ತೂರಿ ಅವನ ಮುಂದೆ ನಿಂತು, ಎಲ್ಲೆಲ್ಲಿ ಜೋರಾಯಿತೆಂದು ಒಂದೊಂದಾಗಿ ಹೇಳುತ್ತಾಳೆ.